ನೋಡುಗರಿಲ್ಲದೆ ಮುಗಿಯದ ಕಲೆ

ಹೋಳಿ ಹುಣ್ಣಿಮೆಯ ಹೊತ್ತಿಗೆ ರಾಣೆಬೆನ್ನೂರಿನ ಪೇಟೆಯಲ್ಲಿ ಜನವೋ ಜನ. ಬೀದಿಯಲ್ಲಿ ಕಟ್ಟಿದ ವೇದಿಕೆಯ ಮೇಲೆ ಇಬ್ಬರು ಅಲಂಕಾರ ಮಾಡಿಕೊಂಡು ಕುಳಿತಿರುತ್ತಾರೆ. ಒಬ್ಬ ಕಾಮ, ಇನ್ನೊಬ್ಬಳು ರತಿ. ರತಿಯ ಸೀರೆ ಉಟ್ಟವನೂ ಗಂಡಸೇ. ಬೇರೆ ಊರುಗಳಲ್ಲಿ ಕಟ್ಟಿಗೆಯ ಕಾಮಣ್ಣನನ್ನು ಕೂಡಿಸಿದರೆ ಇಲ್ಲಿ ಜೀವಂತ ಕಾಮ-ರತಿಯರನ್ನೇ ಕೂಡಿಸುತ್ತಾರೆ.

ಅವರನ್ನು ನಗಿಸಿದವರಿಗೆ ಬಹುಮಾನ. ಜನ ಒಬ್ಬೊಬ್ಬರೇ ಮುಂದೆ ಬಂದು ಚಟಾಕಿ ಹಾರಿಸುತ್ತಾರೆ, ಅಣಕಿಸುತ್ತಾರೆ, ಸೊಟ್ಟ ಮೋರೆ ಮಾಡುತ್ತಾರೆ, ಕುಣಿಯುತ್ತಾರೆ. ನೆರೆದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕಾಮ-ರತಿಯರ ತುಟಿ ಮಾತ್ರ ಅಲುಗುವುದಿಲ್ಲ. ಒಬ್ಬ ಸೋತು ಹಿಂದೆ ಸರಿದರೆ ಇನ್ನೊಬ್ಬ, "ನಾ ನಗಸ್ತೀನಿ ತಡೀರಿ" ಎಂದು ಮುಂದೆ ಬರುತ್ತಾನೆ.

ಈ ಆಟದಲ್ಲಿ ನಟರು ಯಾರು, ಪ್ರೇಕ್ಷಕರು ಯಾರು? ಮೇಲಿರುವವರು ಸುಮ್ಮನೆ ಕುಳಿತಿದ್ದಾರೆ. ಆಡುವುದೆಲ್ಲ ಕೆಳಗಿನವರು. ನಗಿಸಲು ಯಾರೂ ಬಾರದೆ ಹೋದರೆ ಅಲ್ಲಿ ಇಬ್ಬರು ವೇಷಧಾರಿಗಳು ಉಳಿದಾರು, ಆಟ ಉಳಿಯದು.

ದೊಡ್ಡ ಊರುಗಳ ಕಲಾ ಗ್ಯಾಲರಿಗಳಿಗೆ ಇಂದು ಜನರನ್ನು ಸೆಳೆಯುತ್ತಿರುವ ಒಂದು ಬಗೆಯ ಕಲೆಯೂ ಇದೇ ನಿಯಮದ ಮೇಲೆ ನಿಂತಿದೆ. ಅದಕ್ಕೆ ಇಂಟರ್‌ಆಕ್ಟಿವ್ ಇನ್‌ಸ್ಟಲೇಶನ್ ಎನ್ನುತ್ತಾರೆ. ಕನ್ನಡದ ಕಲಾ ಬರಹಗಾರರು ಪ್ರತಿಷ್ಠಾಪನಾ ಕಲೆ ಎಂದು ಬರೆಯುತ್ತಾರೆ. ಬಣ್ಣದ ಬೆಳಕಿನ ಕೋಣೆಯೊಳಗೆ ನಿಂತವರ ಫೋಟೊ, ರೀಲ್ಸ್‌ಗಳನ್ನು ಮೊಬೈಲಿನಲ್ಲಿ ಕಂಡವರು ಬಹಳ. ಅದರ ಹಿಂದಿನ ಕಥೆ, ಅದು ಕೆಲಸ ಮಾಡುವ ರೀತಿ, ಹಾವೇರಿ ಸೀಮೆಯ ನಮಗೆ ಅದರೊಡನೆ ಇರುವ ನಂಟು ಎಲ್ಲವನ್ನೂ ಇಲ್ಲಿ ಬಿಡಿಸಿ ನೋಡಬಹುದು.

ಗೋಡೆಯಿಂದ ಇಳಿದು ಬಂದದ್ದು

ಚಿತ್ರ ಗೋಡೆಯ ಮೇಲೆ, ಶಿಲ್ಪ ಪೀಠದ ಮೇಲೆ, ನೋಡುವವರು ಎದುರಿಗೆ. ನಡುವೆ ಒಂದು ಹಗ್ಗ, ಪಕ್ಕದಲ್ಲಿ 'ಮುಟ್ಟಬೇಡಿ' ಎಂಬ ಫಲಕ. ಗ್ಯಾಲರಿ ಎಂದರೆ ನಮ್ಮ ಮನಸ್ಸಿಗೆ ಬರುವುದು ಇಷ್ಟೇ. ಪ್ರತಿಷ್ಠಾಪನಾ ಕಲೆ ಈ ಅಂತರವನ್ನು ತೆಗೆದುಹಾಕಿತು. ಇಲ್ಲಿ ಇಡೀ ಕೋಣೆಯೇ ಕೃತಿ. ನೆಲ, ಚಾವಣಿ, ಬೆಳಕು, ಸದ್ದು, ವಾಸನೆ ಎಲ್ಲವೂ ಸೇರಿ ಒಂದು ಕೃತಿಯಾಗುತ್ತದೆ. ಬಂದವರು ಅದರೊಳಗೇ ಕಾಲಿಡುತ್ತಾರೆ.

ಅದರಲ್ಲೂ ಬಂದವರು ಏನಾದರೂ ಮಾಡಿದಾಗ ಬದಲಾಗುವಂತೆ ಕಟ್ಟಿದ ಕೃತಿಗಳಿವೆ. ಅವರು ನಡೆದರೆ ಬೆಳಕು ಚಲಿಸುತ್ತದೆ, ಮಾತಾಡಿದರೆ ಗೋಡೆ ಉತ್ತರಿಸುತ್ತದೆ, ಏನನ್ನೋ ಎತ್ತಿಕೊಂಡು ಹೋದರೆ ಕೃತಿ ಅಷ್ಟು ಕರಗುತ್ತದೆ.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಶೋಕಿಯಲ್ಲ. ಬ್ರೆಜಿಲ್‌ನ ಲಿಜಿಯಾ ಕ್ಲಾರ್ಕ್ 1960ರ ಹೊತ್ತಿಗೇ ಲೋಹದ ತಗಡುಗಳಿಗೆ ತಿರುಗಣಿ ಜೋಡಿಸಿ ಶಿಲ್ಪ ಮಾಡಿದ್ದರು. ಕೈಯಲ್ಲಿ ಹಿಡಿದು ಮಡಚಿದಂತೆಲ್ಲ ಅದರ ಆಕಾರ ಬದಲಾಗುತ್ತಿತ್ತು. ಯಾವುದು ಸರಿಯಾದ ಆಕಾರ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಹಿಡಿದವರ ಕೈ ಹೇಳಿದ್ದೇ ಆಕಾರ.

ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಎಂಬ ಕಲಾವಿದ 1991ರಲ್ಲಿ ಗ್ಯಾಲರಿಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ ಹಾಕಿದರು. ತೂಕ 175 ಪೌಂಡ್, ಅಂದರೆ ಸುಮಾರು 79 ಕೆ.ಜಿ. ಬಂದವರು ಒಂದೊಂದು ಮಿಠಾಯಿ ಎತ್ತಿಕೊಳ್ಳಬಹುದು. ಅದು ಏಡ್ಸ್‌ನಿಂದ ತೀರಿಕೊಂಡ ಅವರ ಸಂಗಾತಿ ರಾಸ್ ನೆನಪಿನ ಕೃತಿ. ಮಿಠಾಯಿ ಬಾಯಲ್ಲಿ ಸಿಹಿಯಾಗಿ ಕರಗುವಾಗಲೇ ಮೂಲೆಯ ರಾಶಿ ಸವೆಯುತ್ತದೆ, ಬೇನೆಯಲ್ಲಿ ಒಂದು ದೇಹ ಸವೆದಂತೆ. ಗ್ಯಾಲರಿಯವರು ಅದನ್ನು ಮತ್ತೆ ತುಂಬುತ್ತಾರೆ. ಎದುರಿಗೆ ನಿಂತು ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ. ಎತ್ತಿಕೊಂಡ ಕೈಗೆ ತಿಳಿಯುತ್ತದೆ.

ಜಪಾನಿನ ಯಾಯೋಯಿ ಕುಸಾಮ 2002ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ ಮಕ್ಕಳಿಗಾಗಿ ಒಂದು ಕೋಣೆ ಮಾಡಿದರು. ಮೇಜು, ಕುರ್ಚಿ, ಗೋಡೆ ಎಲ್ಲ ಅಚ್ಚ ಬಿಳಿ. ಬಂದ ಮಕ್ಕಳ ಕೈಗೆ ಬಣ್ಣದ ದುಂಡು ಸ್ಟಿಕ್ಕರ್ ಕೊಟ್ಟು ಬೇಕಾದಲ್ಲಿ ಅಂಟಿಸಲು ಹೇಳಿದರು. ದಿನ ಕಳೆದಂತೆ ಬಿಳಿ ಮಾಯವಾಗಿ ಕೋಣೆ ಬಣ್ಣದ ಚುಕ್ಕೆಗಳಲ್ಲಿ ಮುಳುಗಿತು. ಕಲಾವಿದೆ ಕೊಟ್ಟದ್ದು ಖಾಲಿ ಕೋಣೆ, ತುಂಬಿದ್ದು ಮಕ್ಕಳು.

ರಾಣೆಬೆನ್ನೂರಿನ ಕಾಮ-ರತಿಯರಿಗೆ ಹತ್ತಿರದ ಕೃತಿಯೊಂದು 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆಯಿತು. ಮರೀನಾ ಅಬ್ರಮೊವಿಚ್ ಎಂಬ ಕಲಾವಿದೆ ಸುಮಾರು ಮೂರು ತಿಂಗಳು, ಸಂಗ್ರಹಾಲಯ ತೆರೆದಿದ್ದಷ್ಟು ಹೊತ್ತೂ, ಕುರ್ಚಿಯಲ್ಲಿ ಮಾತಿಲ್ಲದೆ ಕುಳಿತರು. ಎದುರಿಗಿದ್ದ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಬಂದವರಲ್ಲಿ ಎಷ್ಟೋ ಜನ ಕಣ್ಣೀರು ಹಾಕಿದರು. ಅಲ್ಲಿ ಅಳು, ಇಲ್ಲಿ ನಗು. ಅಲುಗದೆ ಕುಳಿತ ಒಬ್ಬರ ಎದುರು ಇನ್ನೊಬ್ಬರ ಒಳಗು ಹೊರಬರುವ ಬಗೆ ಒಂದೇ.

ಭದ್ರಾವತಿಯಿಂದ, ಮೈಸೂರಿನಿಂದ

ಈ ಕಲೆಯಲ್ಲಿ ಕರ್ನಾಟಕದ ಹೆಸರು ಸಣ್ಣದಲ್ಲ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಇಂದು ಪ್ರಪಂಚದ ದೊಡ್ಡ ಪ್ರದರ್ಶನಗಳಲ್ಲಿ ಕಾಣುವ ಕಲಾವಿದೆ. ಚಿತ್ರಕಾರ್ತಿಯಾಗಿ ಆರಂಭಿಸಿದ ಅವರು ಆಮೇಲೆ ಸಗಣಿ, ಕುಂಕುಮ, ಸೂಜಿ-ದಾರ, ಧೂಪ, ಕೂದಲುಗಳಂಥ ವಸ್ತುಗಳನ್ನು ಕೈಗೆತ್ತಿಕೊಂಡರು. ನಮ್ಮ ಮನೆಯ ಹಿತ್ತಲು, ದೇವರ ಕೋಣೆಗಳಲ್ಲಿ ಸಿಗುವ ಸಾಮಾನುಗಳೇ ಅವರ ಕೃತಿಗಳಾದವು.

ಅವರ 2006ರ 'ಡಾರ್ಕ್‌ರೂಮ್' ಎಂಬ ಕೃತಿಯನ್ನು ಡಾಂಬರಿನ ಡ್ರಮ್ಮುಗಳಿಂದ ಕಟ್ಟಲಾಗಿದೆ. ದೂರದಿಂದ ನೋಡಿದರೆ ಕೋಟೆಯ ಕಂಬಸಾಲಿನಂತೆ ಗಂಭೀರ. ಹತ್ತಿರ ಹೋದರೆ ರಸ್ತೆ ಕೆಲಸದವರು ಹಳೆಯ ಡ್ರಮ್ಮಿನ ತಗಡುಗಳಿಂದ ಕಟ್ಟಿಕೊಳ್ಳುವ ಗುಡಿಸಿಲಿನ ನೆನಪು. ಒಳಗೆ ಹೋಗಬೇಕಾದರೆ ಬಗ್ಗಬೇಕು. ಕತ್ತಲಲ್ಲಿ ತಲೆ ಎತ್ತಿದರೆ ಮೇಲಿನ ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ಇಳಿದು ನಕ್ಷತ್ರ ತುಂಬಿದ ಆಕಾಶ ಕಾಣುತ್ತದೆ.

ಈ ಕೃತಿಯಲ್ಲಿ ವೈರು, ಕಂಪ್ಯೂಟರುಗಳ ಕೆಲಸವಿಲ್ಲ. ಆದರೆ ಬಗ್ಗದವರಿಗೆ ಆ ಆಕಾಶ ಕಾಣುವುದಿಲ್ಲ. ಹೆದ್ದಾರಿಯ ಬದಿಯಲ್ಲಿ ಸಂಸಾರ ಹೂಡಿದ ಕೂಲಿಯವರು ದಿನವೂ ಬಗ್ಗುವ ಹಾಗೆ ನೋಡುಗರೂ ಒಮ್ಮೆ ಬಗ್ಗುತ್ತಾರೆ. ಕಲಾವಿದೆ ಹೇಳಬೇಕಾದ್ದನ್ನು ನೋಡುಗರ ಬೆನ್ನು ಕಲಿಯುತ್ತದೆ.

ಮೈಸೂರಿನ ಎನ್.ಎಸ್. ಹರ್ಷ 2006ರ ಸಿಂಗಪುರ ಬಿನಾಲೆ ಎಂಬ ಕಲಾ ಮೇಳಕ್ಕಾಗಿ ಅಲ್ಲಿನ ದೇವಸ್ಥಾನವೊಂದರಲ್ಲಿ ಮಲಗಿರುವ ಜನರ ಚಿತ್ರಗಳನ್ನು ನೆಲದ ಮೇಲೂ ಬರೆದರು. ಬಂದವರು ಆ ಚಿತ್ರಗಳ ಮೇಲೆಯೇ ನಡೆಯಬೇಕು. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮವರಿಗೆ ಅಲ್ಲಿ ಹೆಜ್ಜೆ ಇಡುವುದೇ ಒಂದು ಅಳುಕು. ಹರ್ಷ ಆ ಅಳುಕನ್ನೇ ಕೃತಿಯ ಭಾಗವಾಗಿಸಿದರು.

ನೆರೆಯ ಕೇರಳದಲ್ಲಿ 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಇಂಥ ಕೃತಿಗಳನ್ನು ಸಾಮಾನ್ಯ ಜನರ ಹತ್ತಿರ ತಂದಿತು. 2016ರಲ್ಲಿ ಚಿಲಿ ದೇಶದ ಕವಿ ರಾವುಲ್ ಸುರೀತಾ ಅಲ್ಲಿನ ಆಸ್ಪಿನ್‌ವಾಲ್ ಹೌಸಿನ ಉದ್ದನೆಯ ಉಗ್ರಾಣವೊಂದರಲ್ಲಿ ನೀರು ನಿಲ್ಲಿಸಿದ್ದರು. ಗೋಡೆಯ ಮೇಲೆ ಕವಿತೆಯ ಸಾಲುಗಳು. ಓದಬೇಕಾದವರು ಚಪ್ಪಲಿ ಬಿಟ್ಟು, ಬಟ್ಟೆ ಎತ್ತಿಕೊಂಡು ನೀರಿಗಿಳಿದು ನಡೆಯಬೇಕಿತ್ತು. ಸಮುದ್ರ ದಾಟುವಾಗ ಮುಳುಗಿ ಸತ್ತ ಸಿರಿಯಾದ ಬಾಲಕ ಗಾಲಿಪ್ ಕುರ್ದಿಗೆ ಅರ್ಪಿಸಿದ ಕೃತಿ ಅದು. ನಿರಾಶ್ರಿತರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದವರೂ ಅಲ್ಲಿ ಮೊಣಕಾಲವರೆಗೆ ತೊಯ್ದು ಹೊರಬಂದರು.

ಬೆಳಕು ಹಿಂದೆ ಬರುವುದು ಹೇಗೆ?

ಯಂತ್ರಗಳನ್ನು ಬಳಸುವ ಕೃತಿಗಳನ್ನು ಕಂಡವರು ಮೊದಲು ಕೇಳುವುದು "ಇದಕ್ಕ ನಾ ಬಂದದ್ದು ಹೆಂಗ ಗೊತ್ತಾತು?" ಎಂದು. ಮೂರು ಹಂತದಲ್ಲಿ ಇದನ್ನು ಅರಿಯಬಹುದು: ಗ್ರಹಿಸುವುದು, ಲೆಕ್ಕ ಹಾಕುವುದು, ಉತ್ತರಿಸುವುದು.

ಗ್ರಹಿಸುವ ಕೆಲಸ ಸೆನ್ಸರಿನದು. ದೊಡ್ಡ ಅಂಗಡಿಗಳ ಗಾಜಿನ ಬಾಗಿಲು ನಾವು ಹತ್ತಿರ ಹೋದಾಗ ತಾನಾಗಿ ತೆರೆದುಕೊಳ್ಳುವುದು ಸೆನ್ಸರಿನಿಂದ. ಗ್ಯಾಲರಿಯಲ್ಲಿ ಮೈಯ ಚಲನೆ ಹಿಡಿಯುವವು, ನೆಲದ ಮೇಲಿನ ಒತ್ತಡ ಹಿಡಿಯುವವು, ಸದ್ದು ಕೇಳುವವು, ಎದುರಿಗಿರುವವರು ಎಷ್ಟು ದೂರದಲ್ಲಿದ್ದಾರೆಂದು ಅಳೆಯುವ ಕ್ಯಾಮೆರಾಗಳು ಹೀಗೆ ಹಲವು ಬಗೆಯವು ಇರುತ್ತವೆ. ಅವುಗಳನ್ನು ಚಾವಣಿಯಲ್ಲೋ ಗೋಡೆಯ ಹಿಂದೆಯೋ ಮರೆಮಾಡಿರುತ್ತಾರೆ.

ಹಿಡಿದ ಮಾಹಿತಿ ಒಂದು ಕಂಪ್ಯೂಟರಿಗೆ ಹೋಗುತ್ತದೆ. 'ಇಬ್ಬರು ಹತ್ತಿರ ಬಂದರೆ ನೀಲಿ, ದೂರ ಸರಿದರೆ ಕೆಂಪು' ಎಂಬಂಥ ನಿಯಮಗಳನ್ನು ಕಲಾವಿದರು ಅದರಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಆ ಲೆಕ್ಕದಂತೆ ಪ್ರೊಜೆಕ್ಟರ್, ದೀಪ, ಸ್ಪೀಕರ್, ಮೋಟಾರುಗಳು ಉತ್ತರ ಕೊಡುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ತಡವಾದರೆ ನಮ್ಮ ಹೆಜ್ಜೆಗೂ ಆ ಬೆಳಕಿಗೂ ಸಂಬಂಧವಿದೆ ಎಂದೇ ತಿಳಿಯುವುದಿಲ್ಲ.

ಮೊದಲು ಇದು ದೊಡ್ಡ ಪ್ರಯೋಗಾಲಯಗಳಿಗೆ ಮಾತ್ರ ಎಟುಕುವಂತಿತ್ತು. ಇಟಲಿಯಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಅಂಗೈಯಗಲದ ಸರ್ಕ್ಯೂಟ್ ಹಲಗೆ ಆ ಸ್ಥಿತಿಯನ್ನು ಬದಲಿಸಿತು. ಕಲೆ ಮತ್ತು ವಿನ್ಯಾಸ ಕಲಿಯುವ ಹುಡುಗರಿಗೂ ಸುಲಭವಾಗಿ, ಅಗ್ಗವಾಗಿ ಸಿಗಲಿ ಎಂದೇ ಮಾಡಿದ್ದು ಅದು. ಇಂದು ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಪರಿಚಯ.

ಮೆಕ್ಸಿಕೊ ಮೂಲದ ರಫೇಲ್ ಲೊಸಾನೊ-ಹೆಮ್ಮರ್ 2006ರಲ್ಲಿ ಮಾಡಿದ 'ಪಲ್ಸ್ ರೂಮ್' ಈ ತಂತ್ರವನ್ನು ಮನುಷ್ಯರಿಗೆ ಹತ್ತಿರ ತಂದ ಕೃತಿ. ಕೋಣೆಯ ತುಂಬ ನೂರಾರು ಬಲ್ಬುಗಳು ತೂಗಿವೆ. ಬಂದವರು ಹಿಡಿಕೆಯೊಂದನ್ನು ಹಿಡಿದರೆ ಅದರ ಸೆನ್ಸರ್ ಅವರ ನಾಡಿ ಬಡಿತವನ್ನು ಹಿಡಿಯುತ್ತದೆ, ಹತ್ತಿರದ ಬಲ್ಬು ಅದೇ ಲಯದಲ್ಲಿ ಮಿಡಿಯತೊಡಗುತ್ತದೆ. ಕೈ ಬಿಟ್ಟರೆ ಆ ಬಡಿತ ಪಕ್ಕದ ಬಲ್ಬಿಗೆ ದಾಟುತ್ತದೆ. ಮುಂದಿನವರು ಬಂದಂತೆ ಅದು ಒಂದೊಂದೇ ಬಲ್ಬು ದಾಟುತ್ತಾ ಕೊನೆಯ ಸಾಲು ಮುಗಿಸಿ ಮರೆಯಾಗುತ್ತದೆ. ತಮಗಿಂತ ಮುಂಚೆ ಬಂದು ಹೋದ ಅಪರಿಚಿತರೆಲ್ಲರ ಎದೆಬಡಿತದ ನಡುವೆ ಜನ ನಿಂತಿರುತ್ತಾರೆ.

ಬೆಂಗಳೂರಿಗೆ ಹೋದಾಗ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಮೇಲೇ ಇವೆ. ಆಸ್ಪತ್ರೆ, ಕೋರ್ಟು, ಮಕ್ಕಳ ಕೌನ್ಸೆಲಿಂಗ್ ಎಂದು ರಾಜಧಾನಿಗೆ ಹೋಗಿಬರುವವರಿಗೆ ಲೆಕ್ಕವಿಲ್ಲ. ಅವರು ಅರ್ಧ ದಿನ ಮಿಗಿಸಿಕೊಂಡರೆ ನೋಡಬಹುದಾದ ಎರಡು ಜಾಗಗಳಿವೆ.

ಒಂದು, ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ. 2023ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹಾಲಯ 2011ರಲ್ಲಿ ತೀರಿಕೊಂಡ ಚಿತ್ರಕಾರ ಎಂ.ಎಫ್. ಹುಸೇನ್ ಅವರ ಡಿಜಿಟಲ್ ರೂಪವೊಂದನ್ನು ಸಿದ್ಧಪಡಿಸಿತು. ಪ್ರಶ್ನೆ ಕೇಳಿದರೆ ಅದು ಹುಸೇನರಂತೆ ಉತ್ತರ ಕೊಡುತ್ತದೆ. ಚಿತ್ರದ ಮುಂದೆ ನಿಂತು ಏನು ಕೇಳಬೇಕೆಂದು ತಿಳಿಯದವರಿಗೂ ಕಲಾವಿದರನ್ನು ಮಾತಾಡಿಸುವ ಧೈರ್ಯ ಬರುತ್ತದೆ.

ಇನ್ನೊಂದು, ಬಳ್ಳಾರಿ ರಸ್ತೆಯಲ್ಲಿರುವ ಸೈನ್ಸ್ ಗ್ಯಾಲರಿ ಬೆಂಗಳೂರು. ಕರ್ನಾಟಕ ಸರ್ಕಾರದ ನೆರವಿನಿಂದ ಬೆಳೆದ ಈ ಸಂಸ್ಥೆಯ ಸ್ವಂತ ಕಟ್ಟಡ 2024ರ ಜನವರಿಯಲ್ಲಿ 'ಕಾರ್ಬನ್' ಪ್ರದರ್ಶನದೊಂದಿಗೆ ತೆರೆಯಿತು. ವಿಜ್ಞಾನ ಮತ್ತು ಕಲೆಯನ್ನು ಇಲ್ಲಿ ಒಟ್ಟಿಗೇ ಕೂಡಿಸುತ್ತಾರೆ. ಪ್ರವೇಶಕ್ಕೆ ಹಣವಿಲ್ಲ. ಪ್ರದರ್ಶನದ ನಡುವೆ ನಿಂತಿರುವ ಯುವಕ ಯುವತಿಯರು ಬಂದವರೊಡನೆ ಮಾತಿಗಿಳಿದು ವಿವರಿಸುತ್ತಾರೆ. ಪ್ರಶ್ನೆ ಕೇಳಲು ಇಲ್ಲಿ ಹಿಂಜರಿಯಬೇಕಿಲ್ಲ.

ಗೊಟಗೋಡಿಯ ಸಿಮೆಂಟಿನ ಊರು

ಬೆಂಗಳೂರಿನವರೆಗೆ ಹೋಗಲಾಗದವರಿಗೆ ಜಿಲ್ಲೆಯೊಳಗೇ ಒಂದು ಜಾಗವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಬದಿಯಲ್ಲಿರುವ ಉತ್ಸವ ರಾಕ್ ಗಾರ್ಡನ್. ಅದನ್ನು ಕಟ್ಟಿದವರು ಟಿ.ಬಿ. ಸೋಲಬಕ್ಕನವರ. ಚಿತ್ರ, ಶಿಲ್ಪ, ದೊಡ್ಡಾಟ ಮೂರರಲ್ಲೂ ಕೈಯಾಡಿಸಿದ ಅವರು 2020ರಲ್ಲಿ ನಮ್ಮನ್ನು ಅಗಲಿದರು.

ಉತ್ತರ ಕರ್ನಾಟಕದ ಒಂದು ಹಳ್ಳಿಯೇ ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ನಿಂತಿದೆ. ಗೌಡರ ಮನೆ, ಕಟ್ಟೆಯ ಮೇಲಿನ ಹಿರಿಯರು, ಸಂತೆ, ಕಮ್ಮಾರ, ಕುಂಬಾರ, ದನಕರು, ಆಟವಾಡುವ ಮಕ್ಕಳು ಎಲ್ಲರೂ ಇದ್ದಾರೆ. ಮುಖದ ಸುಕ್ಕು, ಪಟಕದ ಸುತ್ತು, ಸೀರೆಯ ಕಚ್ಚೆಗಳನ್ನು ಹತ್ತಿರದಿಂದ ಕಂಡು ಬೆಳೆದವರ ಕೈಯ ಕೆಲಸ ಅದೆಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇಲ್ಲಿ ಸೆನ್ಸರಿಲ್ಲ, ಪರದೆಯಿಲ್ಲ. ಆದರೂ ಇದು ಪ್ರತಿಷ್ಠಾಪನಾ ಕಲೆಯ ಮೊದಲ ಷರತ್ತನ್ನು ಪೂರೈಸುತ್ತದೆ. ಶಿಲ್ಪಗಳು ಪೀಠ ಬಿಟ್ಟು ನೆಲಕ್ಕಿಳಿದಿವೆ, ನೋಡಲು ಬಂದವರು ಅವುಗಳ ನಡುವೆಯೇ ನಡೆಯುತ್ತಾರೆ. ಸಂತೆಯ ದೃಶ್ಯದೊಳಗೆ ಹೊಕ್ಕವರು ತಾವೂ ಸಂತೆಗೆ ಬಂದವರಾಗುತ್ತಾರೆ. ಅಜ್ಜ ಮೊಮ್ಮಗನಿಗೆ, "ಇದರಾಗ ನಾವು ರಾಶಿ ಮಾಡ್ತಿದ್ವಿ ನೋಡಪಾ" ಎಂದು ಹೇಳಲು ಶುರುಮಾಡಿದಾಗ ಕೃತಿ ಪೂರ್ಣವಾಗುತ್ತದೆ. ಸಿಮೆಂಟಿಗೆ ಇಲ್ಲದ ದನಿಯನ್ನು ಆ ಅಜ್ಜ ಕೊಡುತ್ತಾನೆ.

ಅದೇ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಹಳ್ಳಿಯ ಬದುಕನ್ನು ಶಿಲ್ಪದಲ್ಲಿ ಹಿಡಿದಿಟ್ಟ ತೋಟ, ಅದನ್ನು ಪಾಠವಾಗಿ ಓದಿಸುವ ವಿಶ್ವವಿದ್ಯಾಲಯ ಎರಡೂ ಒಂದೇ ಊರಲ್ಲಿ ಇರುವುದು ಹಾವೇರಿ ಜಿಲ್ಲೆಯ ಭಾಗ್ಯ. ಹೊಸ ಕಲೆಯ ಪ್ರಯೋಗಗಳಿಗೆ ಇದಕ್ಕಿಂತ ಹದವಾದ ನೆಲ ಸಿಗುವುದು ಕಷ್ಟ.

ಬ್ಯಾಡಗಿಯ ಕೆಂಪು, ಬ್ಯಾಡಗಿಯ ಘಾಟು

ಕಣ್ಣು, ಕಿವಿ, ಕೈಗಳ ಜೊತೆಗೆ ಮೂಗನ್ನೂ ಈ ಕಲೆ ಕರೆಯುತ್ತದೆ. ಬ್ರೆಜಿಲ್‌ನ ಎರ್ನೆಸ್ಟೊ ನೆಟೊ ಹಿಗ್ಗುವ ತೆಳು ಬಟ್ಟೆಯ ಉದ್ದನೆಯ ಚೀಲಗಳಲ್ಲಿ ಲವಂಗ, ಅರಿಶಿನ, ಮೆಣಸುಗಳನ್ನು ತುಂಬಿ ಚಾವಣಿಯಿಂದ ತೂಗಿಬಿಡುವುದರಲ್ಲಿ ಹೆಸರಾದವರು. ಅವುಗಳ ನಡುವೆ ನಡೆಯುವವರಿಗೆ ಬಣ್ಣಕ್ಕಿಂತ ಮೊದಲು ಪರಿಮಳ ತಾಗುತ್ತದೆ. ವಾಸನೆಗೆ ಎದುರು ನಿಲ್ಲಲು ಆಗುವುದಿಲ್ಲ. ಅದು ನಮ್ಮ ಒಳಗೇ ಬಂದಿರುತ್ತದೆ.

ಇದನ್ನು ಬ್ಯಾಡಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಂಗಾಮಿನಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಕಡೆ ಹೊರಟರೆ ಚೀಲ ಕಾಣುವ ಮೊದಲೇ ಘಾಟು ಮೂಗಿಗೆ ಬರುತ್ತದೆ. ಪರವೂರಿನವರು ಸೀನುತ್ತಾರೆ, ಕೆಮ್ಮುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಚೀಲದಿಂದ ಸುರಿದ ಕಾಯಿಗಳು ಕಣ್ಣು ಹಾಯಿಸಿದಷ್ಟೂ ಕೆಂಪು. ಸುಕ್ಕುಗಟ್ಟಿದ, ಖಾರ ಕಡಿಮೆ, ಬಣ್ಣ ಗಾಢವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದರಿಂದ ತೆಗೆದ ಓಲಿಯೊರೆಸಿನ್ ಎಂಬ ಗಟ್ಟಿ ಎಣ್ಣೆ ಆಹಾರಕ್ಕೂ ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಕೆಂಪು ಕೊಡುತ್ತದೆ.

ಡಬ್ಬಿ, ಕಡ್ಡಿ ಎಂದು ಕಾಯಿಯ ಜಾತಿ ಗುರುತಿಸುವ ರೈತರ ಕಣ್ಣು, ದಿನವಿಡೀ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಉರಿಯುವ ಬೆರಳು, ಬೆಲೆ ಬಿದ್ದ ದಿನದ ಸಿಟ್ಟು ಇವೆಲ್ಲ ಆ ಕೆಂಪಿನ ಒಳಗಿವೆ. ಕುಂಕುಮ, ಧೂಪಗಳಿಂದ ಜಗತ್ತಿನ ಗ್ಯಾಲರಿಗಳನ್ನು ತಲುಪಿದ ಶೀಲಾ ಗೌಡರ ದಾರಿ ಕಣ್ಣೆದುರಿಗಿದೆ. ಬ್ಯಾಡಗಿಯ ಕಾಯಿ, ಹಾವೇರಿಯ ಏಲಕ್ಕಿ ಹಾರ, ರಾಣೆಬೆನ್ನೂರಿನ ಬೀಜ ಮತ್ತು ಹತ್ತಿ ಇವುಗಳನ್ನೇ ಕೈಗೆತ್ತಿಕೊಂಡು ಈ ನೆಲದ ಮಕ್ಕಳು ಕೃತಿ ಕಟ್ಟಬಲ್ಲರು. ಅಂಥ ಕೃತಿಯೊಳಗೆ ಬಂದ ದೊಡ್ಡ ಊರಿನವರಿಗೆ ತಮ್ಮ ತುಟಿಯ ಬಣ್ಣದ ಹಿಂದೆ ಯಾರ ಬೆರಳಿನ ಉರಿ ಇದೆ ಎಂಬುದು ಒಂದು ಸೀನಿನಲ್ಲಿ ತಿಳಿದೀತು.

ಸಲುಗೆ ಕೊಟ್ಟಾಗ ಹೊಣೆಯೂ ಬರುತ್ತದೆ

ಮುಟ್ಟಲು ಬಿಟ್ಟ ಮೇಲೆ ಹಾಳಾಗುವ ಭಯ ಇದ್ದೇ ಇದೆ. ಚೀನಾದ ಆಯ್ ವೇಯ್‌ವೇಯ್ 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ನೆಲದ ಮೇಲೆ ಪಿಂಗಾಣಿಯಲ್ಲಿ ಕೈಯಿಂದ ಮಾಡಿ ಬಣ್ಣ ಹಚ್ಚಿದ ಸುಮಾರು 10 ಕೋಟಿ ಸೂರ್ಯಕಾಂತಿ ಬೀಜಗಳನ್ನು ಹರಡಿದರು. ಜನ ಅದರ ಮೇಲೆ ನಡೆದಾಡಲಿ ಎಂಬುದೇ ಆಶಯ. ಆದರೆ ತುಳಿತದಿಂದ ಪಿಂಗಾಣಿಯ ಧೂಳು ಎದ್ದಿತು. ಅದು ಉಸಿರಿಗೆ ಕೆಟ್ಟದ್ದೆಂದು ಕೆಲವೇ ದಿನಗಳಲ್ಲಿ ನಡೆದಾಟ ನಿಲ್ಲಿಸಬೇಕಾಯಿತು. ಮೆಣಸಿನಕಾಯಿ ಬಳಸಿ ಕೃತಿ ಕಟ್ಟುವವರು ಈ ಪಾಠವನ್ನು ನೆನಪಿಡಬೇಕು.

ನೋಡುಗರೇ ಕ್ರೂರರಾದ ಉದಾಹರಣೆಯೂ ಇದೆ. ಮರೀನಾ ಅಬ್ರಮೊವಿಚ್ 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಆರು ಗಂಟೆ ಕಾಲ ಅಲುಗದೆ ನಿಂತರು. ಮೇಜಿನ ಮೇಲೆ 72 ವಸ್ತುಗಳಿದ್ದವು: ಗುಲಾಬಿ, ಗರಿ, ಜೇನು, ಕತ್ತರಿ, ಪಿಸ್ತೂಲು, ಒಂದು ಗುಂಡು. ಬಂದವರು ತಮ್ಮ ಮೇಲೆ ಏನನ್ನು ಬೇಕಾದರೂ ಬಳಸಬಹುದು ಎಂದಿದ್ದರು. ಮೊದಮೊದಲು ಹೂ ಕೊಟ್ಟ ಜನ ಹೊತ್ತು ಕಳೆದಂತೆ ಬಟ್ಟೆ ಕತ್ತರಿಸಿದರು, ಚರ್ಮ ಗೀರಿದರು. ಒಬ್ಬ ಪಿಸ್ತೂಲನ್ನು ಅವರತ್ತ ಗುರಿಯಾಗಿಸಿದಾಗ ಉಳಿದವರು ತಡೆದರು. ಯಾರೂ ಕೇಳದ ಸಲುಗೆ ಸಿಕ್ಕಾಗ ಗುಂಪು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಆ ಕೃತಿ ತೋರಿಸಿತು.

ಸಂಗ್ರಹಾಲಯಗಳಿಗೆ ಇನ್ನೂ ಒಂದು ಚಿಂತೆಯಿದೆ. ಸೆನ್ಸರ್ ಕೆಡುತ್ತದೆ, ಪ್ರೊಜೆಕ್ಟರಿನ ದೀಪ ಸುಟ್ಟುಹೋಗುತ್ತದೆ, ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರ್ ಪ್ರೋಗ್ರಾಂ ಇಂದಿನ ಯಂತ್ರದಲ್ಲಿ ಓಡುವುದಿಲ್ಲ. ಹಳೆಗಾಲದ ಶಿಲೆಗಿಂತ ಹೊಸಕಾಲದ ಬೆಳಕಿನ ಕೃತಿಗೆ ಆಯುಸ್ಸು ಕಡಿಮೆ. ಕಟ್ಟುವ ಹಣದ ಜೊತೆಗೆ ಕಾಪಾಡುವ ಹಣವನ್ನೂ ಎತ್ತಿಡದಿದ್ದರೆ ಉದ್ಘಾಟನೆಯಾದ ವರ್ಷದಲ್ಲೇ 'ದುರಸ್ತಿಯಲ್ಲಿದೆ' ಎಂಬ ಚೀಟಿ ನೇತಾಡುತ್ತದೆ.

ಒಳಗೆ ಕಾಲಿಟ್ಟವರು

ಗ್ಯಾಲರಿಯ ಬಾಗಿಲಲ್ಲಿ ನಮ್ಮ ಊರಿನವರನ್ನು ತಡೆಯುವುದು ಟಿಕೆಟ್ ಅಲ್ಲ, ಸಂಕೋಚ. 'ನಮಗ ತಿಳಿಯೂದಿಲ್ಲ ಬಿಡ್ರಿ' ಎಂಬ ಮಾತು. ಈ ಕಲೆಯಲ್ಲಿ ತಿಳಿಯುವುದು ಮೈಯಿಂದ ಶುರುವಾಗುತ್ತದೆ. ಕೆಲವು ಸಣ್ಣ ಸಂಗತಿಗಳನ್ನು ನೆನಪಿಟ್ಟರೆ ಸಾಕು.

ಮೊದಲು ಕೇಳಿ: "ಒಳಗ ಹೋಗಬಹುದೇನ್ರಿ? ಮುಟ್ಟಬಹುದೇನ್ರಿ?" ಎಲ್ಲ ಕೃತಿಯೂ ಮುಟ್ಟುವುದಕ್ಕಲ್ಲ. ಕಾವಲಿನವರನ್ನು, ವಿವರಿಸಲು ನಿಂತವರನ್ನು ಕೇಳಿದರೆ ಅವಮಾನವಿಲ್ಲ.

ಒಳಗೆ ಹೋದ ಕೂಡಲೇ ಮೊಬೈಲ್ ತೆಗೆಯಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಯಾವುದಕ್ಕೆ ಏನು ಬದಲಾಗುತ್ತದೆ ಎಂದು ಗಮನಿಸಿ. ಫೋಟೊ ಆಮೇಲೂ ತೆಗೆಯಬಹುದು. ಮೊದಲ ಗಳಿಗೆಯ ಬೆರಗು ಮತ್ತೆ ಸಿಗುವುದಿಲ್ಲ.

ಬೇರೆಯವರನ್ನೂ ನೋಡಿ. ಈ ಕಲೆಯಲ್ಲಿ ಪಕ್ಕದವರು ಮಾಡುವುದೂ ಕೃತಿಯೇ. ಮಕ್ಕಳನ್ನು ಮುಂದೆ ಬಿಡಿ; ಅವರು ಹೆದರದೆ ಪ್ರಯೋಗ ಮಾಡುತ್ತಾರೆ, ದೊಡ್ಡವರಿಗೆ ಕಾಣದ್ದನ್ನು ಹುಡುಕುತ್ತಾರೆ. ಹೊರಗೆ ಬಂದ ಮೇಲೆ 'ಇದರ ಅರ್ಥ ಏನು' ಎಂದು ಕೇಳಿಕೊಳ್ಳುವ ಮೊದಲು 'ಒಳಗಿದ್ದಾಗ ನನಗೇನಾಯಿತು' ಎಂದು ಕೇಳಿಕೊಳ್ಳಿ. ಅರ್ಥದ ದಾರಿ ಅಲ್ಲಿಂದಲೇ ತೆರೆಯುತ್ತದೆ.

ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ. ದೀಪ ಮಿನುಗಿಸಿ ಫೋಟೊ ತೆಗೆಸಿಕೊಳ್ಳುವುದಕ್ಕಷ್ಟೇ ಕಟ್ಟಿದ ಕೋಣೆಗಳೂ ಈಗ ಬಹಳ ಬಂದಿವೆ. ನಮ್ಮಿಂದ ಏನನ್ನಾದರೂ ಮಾಡಿಸಿ, ಆ ಮೂಲಕ ಏನನ್ನಾದರೂ ತಿಳಿಸಿದರೆ ಅದು ಕಲೆ. ಬರೀ ಕುಣಿಸಿ ಕಳಿಸಿದರೆ ಅದು ಜಾತ್ರೆಯ ಮೋಜು. ಮೋಜಿಗೂ ಬೆಲೆಯಿದೆ, ಎರಡನ್ನೂ ಒಂದೇ ಎನ್ನಬೇಕಿಲ್ಲ.

ಹಾವೇರಿಯಲ್ಲಿ ಆಗಬೇಕಾದದ್ದು

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಪ್ಪ ಬಿಲ್ಲನ್ನೇರಿ 'ಸದ್ದಲೇ' ಎಂದಾಗ ಸಾವಿರಾರು ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ನುಡಿಯುವುದು ಒಂದೇ ಸಾಲಿನ ಕಾರಣಿಕ. ಮಳೆಗೋ ಬೆಳೆಗೋ ರಾಜಕೀಯಕ್ಕೋ, ಅದರ ಅರ್ಥವನ್ನು ಕಟ್ಟುವವರು ಕೇಳಿದ ಜನ. ಬಯಲಾಟದಲ್ಲಿ ಮೆಚ್ಚಿದ ಪಾತ್ರಕ್ಕೆ ನಡುವೆಯೇ ಎದ್ದು ಆಹೇರಿ ಮಾಡುವವರು ನಾವು. ಕಲೆಯೊಳಗೆ ಕಾಲಿಡುವುದು ಈ ಸೀಮೆಗೆ ಹೊಸ ವಿದ್ಯೆಯಲ್ಲ. ಹೊಸದಾಗಿರುವುದು ಗ್ಯಾಲರಿಯ ಬಾಗಿಲು ಮಾತ್ರ. ಅದನ್ನು ತೆರೆಯಲು ದೊಡ್ಡ ಅನುದಾನಕ್ಕಾಗಿ ಕಾಯಬೇಕಿಲ್ಲ.

ಹಂಗಾಮು ಮುಗಿದ ಮೇಲೆ ಖಾಲಿ ನಿಲ್ಲುವ ಗೋದಾಮು ಒಂದು ತಿಂಗಳ ಗ್ಯಾಲರಿಯಾಗಬಹುದು. ಪಾಲಿಟೆಕ್ನಿಕ್ಕಿನ ಹುಡುಗರ ಸರ್ಕ್ಯೂಟು, ಚಿತ್ರಕಲಾ ಶಿಕ್ಷಕರ ಕಣ್ಣು, ದೊಡ್ಡಾಟದ ಮೇಳದವರ ದನಿ ಒಂದೆಡೆ ಸೇರಿದರೆ ಬೇರೆಲ್ಲೂ ಆಗದ ಕೃತಿ ಇಲ್ಲಿ ಆದೀತು. ಕರ್ನಾಟಕ ಲಲಿತಕಲಾ ಅಕಾಡೆಮಿ ತನ್ನ ಶಿಬಿರಗಳಲ್ಲಿ ಒಂದನ್ನು ಗೊಟಗೋಡಿಯಲ್ಲಿ, ಪ್ರತಿಷ್ಠಾಪನಾ ಕಲೆಗಾಗಿಯೇ ನಡೆಸಲಿ. ಜಾನಪದ ವಿಶ್ವವಿದ್ಯಾಲಯ ಅದಕ್ಕೆ ಕೈಜೋಡಿಸಲಿ.

ಕೊನೆಯದಾಗಿ ಶಿಕ್ಷಕರಿಗೊಂದು ಮನವಿ. ಡಿಸೆಂಬರ್ ಬಂತೆಂದರೆ ಶಾಲೆಗಳ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಈ ಸಲದ ಪಟ್ಟಿಯಲ್ಲಿ ಗೊಟಗೋಡಿಯ ಒಂದು ಮಧ್ಯಾಹ್ನವನ್ನು ಸೇರಿಸಿ, ಬೆಂಗಳೂರಿಗೆ ಹೊರಟವರು ಒಂದು ಗ್ಯಾಲರಿಯನ್ನೂ ಸೇರಿಸಿ. ಮಕ್ಕಳಿಗೆ 'ದೂರ ನಿಂತು ನೋಡಿ' ಎಂದು ಹೇಳುವ ಮೊದಲು, ಒಳಗೆ ಹೋಗಬಹುದೇ ಎಂದು ಅವರ ಪರವಾಗಿ ನೀವೇ ಒಂದು ಮಾತು ಕೇಳಿ.